ನಿಜಲಿಂಗಪ್ಪನವರ ಬಗ್ಗೆ ಮಕ್ಕಳಿಂದ ಭಾಷಣ ಮಾಡಿಸುವುದು ಹೇಗೆ? ಹಲುವಾಗಲಿನಿಂದ ಶುರು ಮಾಡಿ

ಅಕ್ಟೋಬರ್ ಮುಗಿಯುವ ಹೊತ್ತಿಗೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಮಿಸ್, ಮಗಳಿಗೆ ನಿಜಲಿಂಗಪ್ಪನವರ ಮೇಲೆ ಐದು ನಿಮಿಷದ ಭಾಷಣ ಕೊಟ್ಟಿದ್ದಾರೆ. ಒಂದು ಪುಟ ಬರೆದು ಕೊಡ್ತೀರಾ?" ಕನ್ನಡ ನಾಡು ಒಂದಾದಾಗ ಮುಖ್ಯಮಂತ್ರಿ ಆದ ಎಸ್. ನಿಜಲಿಂಗಪ್ಪನವರ ಮೇಲೆ. ಕೇಳುವವರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳೇ. ಈಗ ಅವರ ಮಕ್ಕಳು ಹೈಸ್ಕೂಲಿಗೆ ಬಂದಿದ್ದಾರೆ.

ನಾನು ಬರೆದು ಕೊಡುವುದಿಲ್ಲ. ಮಗುವಿನ ಕೈಯಲ್ಲೇ ಹೇಗೆ ಬರೆಸಬೇಕು ಅಂತ ಹೇಳಿಕೊಡುತ್ತೇನೆ. ಚಿತ್ರದುರ್ಗ ತಾಲ್ಲೂಕಿನ ಹಳ್ಳಿ ಹೈಸ್ಕೂಲುಗಳಲ್ಲಿ ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ್ದೇನೆ. ಪ್ರತಿಭಾ ಕಾರಂಜಿಗೆ ಎಷ್ಟು ಮಕ್ಕಳನ್ನು ತಯಾರು ಮಾಡಿದೆನೋ ಲೆಕ್ಕ ಇಟ್ಟಿಲ್ಲ. ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಕೆಲಸ ಮಾಡಿ. ಭಾಷಣ ಈಗಾಗಲೇ ಬರೆದಿದ್ದರೆ ಮೊದಲ ಪ್ಯಾರಾ ಹೊಡೆದು ಹಾಕಿ. ಅದರಲ್ಲಿ ಏನಿರುತ್ತದೆ ಅಂತ ನೋಡದೇ ಹೇಳಬಲ್ಲೆ. ಧೀಮಂತ ನಾಯಕ, ಮಹಾನ್ ಚೇತನ, ರಾಷ್ಟ್ರನಾಯಕ ಅಂತ ಇರುತ್ತದೆ. ಆ ಮಾತುಗಳನ್ನು ಯಾರ ಹೆಸರಿನ ಮುಂದೆ ಬೇಕಾದರೂ ಅಂಟಿಸಬಹುದು. ಹಿಂದಿನ ಮಗು ಕೆಂಗಲ್ ಹನುಮಂತಯ್ಯನವರಿಗೆ ಅದನ್ನೇ ಹೇಳಿರುತ್ತದೆ, ಮುಂದಿನ ಮಗು ದೇವರಾಜ ಅರಸರಿಗೆ ಅದನ್ನೇ ಹೇಳುತ್ತದೆ. ಕೇಳುವವರ ಕಿವಿಯಲ್ಲಿ ಏನೂ ಉಳಿಯುವುದಿಲ್ಲ.

ಈಗ ಒಂದು ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ. ಕರ್ನಾಟಕದ ನಕ್ಷೆ ಬರೆಸಿ. ಅಂದಾಜಿಗೆ ಇದ್ದರೆ ಸಾಕು. ಆಮೇಲೆ ಕ್ರೇಯಾನ್ಸ್ ಕೊಟ್ಟು ನೂರು ವರ್ಷದ ಹಿಂದಿನ ಗಡಿಗಳ ಪ್ರಕಾರ ಬಣ್ಣ ಹಾಕಿಸಿ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಬೀದರ್, ಕಲಬುರ್ಗಿ, ರಾಯಚೂರು ಹೈದರಾಬಾದ್ ನಿಜಾಮರದ್ದು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ್ದು. ಕೊಡಗು ಬೇರೆ. ನಮ್ಮ ಚಿತ್ರದುರ್ಗ, ದಾವಣಗೆರೆ ಮೈಸೂರು ಸಂಸ್ಥಾನದ್ದು. ಮಗು ಬಣ್ಣ ಹಾಕುವಾಗ ಸುಮ್ನೆ ಪಕ್ಕದಲ್ಲಿ ಕೂತಿರಿ. "ಕನ್ನಡದವರೆಲ್ಲ ಹೀಗೆ ಚೂರು ಚೂರು ಆಗಿದ್ರಾ?" ಅಂತ ಮಗುವೇ ಕೇಳುತ್ತದೆ. ನೀವು ಹೇಳಿಕೊಡಬೇಕಾಗಿಲ್ಲ.

ಈ ನಕ್ಷೆಯ ಮೇಲೆ ನಿಜಲಿಂಗಪ್ಪನವರ ಎಳೆಯ ವಯಸ್ಸನ್ನು ಒಂದು ದಾರ ಹಿಡಿದು ತೋರಿಸಬಹುದು. ಭಾಷಣದ ಜೀವ ಇರುವುದೇ ಅಲ್ಲಿ. ಆ ಗಡಿಗಳನ್ನು ಅಳಿಸಿ ಒಂದು ರಾಜ್ಯ ಮಾಡುವುದಕ್ಕೆ ಮುಂಚೆ ಅವರು ಓದಿಗಾಗಿ, ಕೆಲಸಕ್ಕಾಗಿ ಅದೇ ಗಡಿಗಳನ್ನು ದಾಟಿದ್ದರು.

ದಾರದ ಮೊದಲ ಗಂಟು ಹಲುವಾಗಲು. ಹರಪನಹಳ್ಳಿ ತಾಲ್ಲೂಕು, ತುಂಗಭದ್ರಾ ದಂಡೆಯ ಊರು. ಹುಟ್ಟಿದ್ದು 1902ರ ಡಿಸೆಂಬರ್ 10. ಜಿಲ್ಲೆ ಯಾವುದು ಅಂತ ಬರೆಯುವಾಗ ಇಲ್ಲಿ ಮಕ್ಕಳು ಜಾಸ್ತಿ ಎಡವುತ್ತಾರೆ, ದೊಡ್ಡವರೂ ಎಡವುತ್ತಾರೆ. ಒಂದು ಪುಸ್ತಕದಲ್ಲಿ ಬಳ್ಳಾರಿ ಅಂತ ಇರುತ್ತದೆ, ಇನ್ನೊಂದರಲ್ಲಿ ದಾವಣಗೆರೆ, ಈಚಿನದರಲ್ಲಿ ವಿಜಯನಗರ. ಮೂರೂ ತಪ್ಪಲ್ಲ. ಅವರು ಹುಟ್ಟಿದಾಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆ ಆದಾಗ ಹರಪನಹಳ್ಳಿ ಅದಕ್ಕೆ ಸೇರಿತು. ಆಮೇಲೆ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಊರು ಎದ್ದು ಎಲ್ಲೂ ಹೋಗಿಲ್ಲ, ಅದರ ಮೇಲಿನ ಬೋರ್ಡು ಬದಲಾಗುತ್ತಾ ಬಂತು. ಮಗುವಿಗೆ ಒಂದು ನಿಯಮ ಹೇಳಿಕೊಡಿ: ಆಗ ಎಲ್ಲಿತ್ತು, ಈಗ ಎಲ್ಲಿದೆ, ಎರಡೂ ಹೇಳಬೇಕು. "ಆಗಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗಿನ ವಿಜಯನಗರ ಜಿಲ್ಲೆಯ ಹಲುವಾಗಲು." ಒಂದೇ ವಾಕ್ಯ, ಯಾವ ತೀರ್ಪುಗಾರರೂ ಅಡ್ಡ ಪ್ರಶ್ನೆ ಹಾಕಲಾರರು.

ಹೆಸರಿನ ಮುಂದಿನ "ಎಸ್." ಬಿಡಿಸಿ ಹೇಳಿಸಿ. ಅದು ಸಿದ್ದವ್ವನಹಳ್ಳಿ. ನಮ್ಮ ಚಿತ್ರದುರ್ಗ ತಾಲ್ಲೂಕಿನದೇ ಊರು. ಹುಟ್ಟಿದ ಊರು ಒಂದು ಸರ್ಕಾರದ ಕೆಳಗೆ, ಹೆಸರಿಗೆ ಅಂಟಿಕೊಂಡ ಊರು ಇನ್ನೊಂದರ ಕೆಳಗೆ. ಅವರ ಹೆಸರಿನಲ್ಲೇ ಒಂದು ಗಡಿ ದಾಟಿದ ಗುರುತಿದೆ ಅಲ್ವಾ?

ಐದು ವರ್ಷಕ್ಕೆ ತಂದೆಯನ್ನು ಕಳೆದುಕೊಂಡರು. ಇದನ್ನು ಹೇಳುವಾಗ ಮಗು ದನಿ ನಡುಗಿಸಬಾರದು, ಅಳು ಬರಿಸುವ ಹಾಗೆ ಮಾಡಬಾರದು. ನಾನು ಇದನ್ನು ತುಂಬಾ ಕಟ್ಟುನಿಟ್ಟಾಗಿ ಹೇಳುತ್ತೇನೆ. ಒಂದು ಚಿಕ್ಕ ವಾಕ್ಯ ಹೇಳಿ, ಒಂದು ಉಸಿರು ನಿಲ್ಲಿಸಿ, ಮುಂದಕ್ಕೆ ಹೋಗಬೇಕು. ಕೂತವರಲ್ಲಿ ಅಪ್ಪ ಇಲ್ಲದ ಮಕ್ಕಳೂ ಇರುತ್ತಾರೆ.

ಎರಡನೇ ಗಂಟು ದಾವಣಗೆರೆ, ಮೂರನೆಯದು ಚಿತ್ರದುರ್ಗ. ಚಿಕ್ಕ ಶಾಲೆ ಅಲ್ಲಿ, ಹೈಸ್ಕೂಲು ಇಲ್ಲಿ. ಮದ್ರಾಸಿನ ಬಣ್ಣದಿಂದ ಮೈಸೂರಿನ ಬಣ್ಣಕ್ಕೆ ದಾರ ಬಂತು. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜು, 1924ರಲ್ಲಿ ಬಿ.ಎ. ಆಮೇಲೆ ಪುಣೆ, 1926ರಲ್ಲಿ ಕಾನೂನು ಪದವಿ. ಪುಣೆ ಅಂದರೆ ಮುಂಬೈ ಪ್ರಾಂತ್ಯ. ದಾವಣಗೆರೆ ಕಡೆಯಿಂದ ರೈಲು ಹತ್ತಿದರೆ ಹರಿಹರದಲ್ಲಿ ಹೊಳೆ ದಾಟಿ, ಹುಬ್ಬಳ್ಳಿ, ಬೆಳಗಾವಿ ಮೇಲೆ ಹೋಗಬೇಕು. ದಾರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡದ ಊರುಗಳೇ, ಆದರೆ ಸರ್ಕಾರ ಬೇರೆ. ಮಗು ಈ ದಾರಿಯ ಮೇಲೆ ಒಮ್ಮೆ ಬೆರಳಾಡಿಸಲಿ. ವೇದಿಕೆ ಮೇಲೆ ನಿಂತಾಗ ಆ ಬೆರಳಿನ ನೆನಪೇ ಮಾತು ಮರೆಯದ ಹಾಗೆ ಕಾಯುತ್ತದೆ. ಕಂಠಪಾಠ ಕೈಕೊಟ್ಟರೂ ದಾರಿ ಕೈಕೊಡುವುದಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿ ನಡೆಸಿದ ಅಧಿವೇಶನ ಅದೊಂದೇ. ಇಪ್ಪತ್ತೆರಡು ತುಂಬಿದ ನಿಜಲಿಂಗಪ್ಪ ಅಲ್ಲಿಗೆ ಹೋಗಿದ್ದರು, ನೋಡುವವರಲ್ಲಿ ಒಬ್ಬರಾಗಿ. ಅದೇ ಸಮಯಕ್ಕೆ, ಅದೇ ಜಾಗದಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನವೂ ಸೇರಿತ್ತು. ಇಲ್ಲಿ ಮಕ್ಕಳಿಗೆ ಒಂದು ಆಸೆ ಹುಟ್ಟುತ್ತದೆ. "ಗಾಂಧೀಜಿಯವರನ್ನು ಕಂಡ ಕೂಡಲೇ ಎಲ್ಲ ಬಿಟ್ಟು ಚಳವಳಿಗೆ ಧುಮುಕಿದರು" ಅಂತ ಬರೆದುಬಿಡುತ್ತಾರೆ. ಹಾಗೆ ಬರೆಯಬಾರದು. ಅವರು ಹೋಗಿ ಕಾನೂನು ಓದು ಮುಗಿಸಿದರು, ಚಿತ್ರದುರ್ಗಕ್ಕೆ ಬಂದು ವಕೀಲಿ ಶುರು ಮಾಡಿದರು. ಸಂಘಟನೆಯ ಕೆಲಸಕ್ಕೆ ಗಟ್ಟಿಯಾಗಿ ಇಳಿದದ್ದು 1936ರ ಹೊತ್ತಿಗೆ, ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರ ಸಂಪರ್ಕ ಬಂದ ಮೇಲೆ. ಅದೂ ಸ್ವಯಂಸೇವಕರಾಗಿ. ಬೆಳಗಾವಿಗೂ ಇದಕ್ಕೂ ನಡುವೆ ಹನ್ನೆರಡು ವರ್ಷ ಇದೆ. ಆ ಹನ್ನೆರಡು ವರ್ಷವನ್ನು ನುಂಗಬೇಡಿ. ಹತ್ತನೇ ಕ್ಲಾಸಿನಲ್ಲೇ ಎಲ್ಲ ತೀರ್ಮಾನ ಆಗಿಬಿಡಬೇಕು ಅಂತ ಹೆದರಿ ಕೂತ ಮಕ್ಕಳಿಗೆ ಆ ಹನ್ನೆರಡು ವರ್ಷ ಬೇಕು.

ನಾಲ್ಕನೇ ಗಂಟಿಗೆ ಒಂದು ನಿಮಿಷ ಪೂರ್ತಿ ಕೊಡಿ. ಅದು ತುರುವನೂರು, 1939. ಚಿತ್ರದುರ್ಗದಿಂದ ಅರ್ಧ ದಿನದಲ್ಲಿ ಹೋಗಿ ನೋಡಿಕೊಂಡು ಬರಬಹುದಾದ ಊರು. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಅಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಮರ ಯಾಕೆ ಕಡಿದರು ಅಂತ ಇವತ್ತಿನ ಮಕ್ಕಳಿಗೆ ಅರ್ಥ ಆಗುವುದಿಲ್ಲ. ನಾವೇ ಅವರಿಗೆ ಮರ ಕಡಿಯಬೇಡಿ ಅಂತ ಕಲಿಸಿರುತ್ತೇವೆ. ಅದಕ್ಕೇ ಬಿಡಿಸಿ ಹೇಳಬೇಕು: ಈಚಲು ಮರದಿಂದ ಹೆಂಡ ಇಳಿಸುತ್ತಿದ್ದರು. ಹೆಂಡದ ಮೇಲಿನ ಸುಂಕ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಮರ ಬಿದ್ದರೆ ಕುಡಿತಕ್ಕೂ ಪೆಟ್ಟು, ಆ ಆದಾಯಕ್ಕೂ ಪೆಟ್ಟು. ಸರ್ಕಾರದ ಕಾನೂನಿನಲ್ಲಿ ಅದು ಅಪರಾಧ. ಅದು ಗೊತ್ತಿದ್ದೇ ಕಡಿದರು, ಜೈಲಿಗೆ ಹೋದರು. ಕೋರ್ಟಿನಲ್ಲಿ ಕಾನೂನು ಎತ್ತಿ ಹಿಡಿದು ವಾದ ಮಾಡುವ ವಕೀಲರು ಹೀಗೆ ಮಾಡಿದರು ಅನ್ನುವುದು ಮಗುವಿನ ತಲೆಗೆ ಹೋಗಬೇಕು.

ನಾನು ಮಕ್ಕಳಿಗೆ ಈಚಲ ಗರಿ ತರಲು ಹೇಳುತ್ತಿದ್ದೆ. ಈಚಲ ಪೊರಕೆ, ಈಚಲ ಚಾಪೆ, ಈಚಲ ಹಣ್ಣು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಗರಿಯನ್ನು ಬುಡದಿಂದ ಕಿತ್ತು ನೋಡಿದವರು ಕಡಿಮೆ. ಒಂದು ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಉದ್ದನೆಯ ಗರಿ ಹೊತ್ತು ತಂದಳು. ಗರಿಯ ಬುಡದಲ್ಲಿ ದಬ್ಬಣದಂಥ ಮುಳ್ಳು ಇರುತ್ತದೆ. ಅವಳ ಹೆಬ್ಬೆರಳಿಗೆ ಚುಚ್ಚಿ ರಕ್ತ ಒಣಗಿತ್ತು, ಸಮವಸ್ತ್ರದ ಅಂಚಿಗೂ ಸ್ವಲ್ಪ ಹತ್ತಿತ್ತು. ನಾನು ಅರಿಸಿನ ಹಚ್ಚಿ ಬಟ್ಟೆ ಕಟ್ಟುವಾಗ ಅವಳು ಕೇಳಿದಳು, "ಮಿಸ್, ಒಂದು ಗರಿಗೇ ಹಿಂಗಾಯ್ತು, ಮರಾನೇ ಕಡಿದವರ ಕೈ ಏನಾಗಿರಬೇಕು?" ಭಾಷಣದ ಮೊದಲ ವಾಕ್ಯ ಅದೇ ಆಗಲಿ ಅಂದೆ. ಗರಿಯನ್ನು ಕೈಯಲ್ಲಿ ಹಿಡಿದೇ ವೇದಿಕೆ ಹತ್ತಿದಳು. ಹಿಂದಿನ ಬೆಂಚಿನವರೂ ಮಾತು ನಿಲ್ಲಿಸಿದರು.

ಸಾಧ್ಯ ಆದರೆ ಮಗುವನ್ನು ತುರುವನೂರಿಗೆ ಕರೆದುಕೊಂಡು ಹೋಗಿ. ಗಾಂಧೀಜಿ ಮೂರ್ತಿ ಇಟ್ಟು ಪೂಜೆ ಮಾಡುವ ಗುಡಿ ಆ ಊರಿನಲ್ಲಿದೆ.

ಅಲ್ಲಿಂದ 1956ರ ತನಕ ಬೇಗ ಹೋಗಿ. ಸಂವಿಧಾನ ರಚನಾ ಸಭೆಯ ಸದಸ್ಯರಾದರು, ಅದೂ ಮುಂಬೈ ಪ್ರಾಂತ್ಯದ ಕಡೆಯಿಂದ. ಚಿತ್ರದುರ್ಗದ ವಕೀಲರಿಗೆ ಮುಂಬೈ ಕಡೆಯ ಸ್ಥಾನ! ದಾರ ಮತ್ತೆ ಗಡಿ ದಾಟಿತು ಅಂತ ಮಗು ತೋರಿಸಲಿ. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದರು. ಹಳೆಯ ಮೈಸೂರಿನಲ್ಲಿ ಏಕೀಕರಣ ಬೇಡ ಅನ್ನುವವರೂ ಇದ್ದ ಕಾಲದಲ್ಲಿ ಇವರು ಬೇಕು ಅನ್ನುವ ಕಡೆ ನಿಂತರು. 1956ರ ನವೆಂಬರ್ 1ರಂದು ನಕ್ಷೆಯ ಬಣ್ಣಗಳೆಲ್ಲ ಸೇರಿ ಒಂದಾದಾಗ ಮುಖ್ಯಮಂತ್ರಿ ಆದರು.

ಇಲ್ಲಿ ಎರಡು ತಪ್ಪು ತಿದ್ದಿಸಲೇಬೇಕು. ಒಂದನ್ನು ನಾನೇ ಮಾಡಿದ್ದೆ, ಅದರ ಪೆಟ್ಟು ಬಿದ್ದದ್ದು ಮಗುವಿಗೆ. "ನಿಜಲಿಂಗಪ್ಪ ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿ" ಅಂತ ಬರೆಸಿ ಕಳಿಸಿದ್ದೆ. "ಹಾಗಾದರೆ ಕೆ.ಸಿ. ರೆಡ್ಡಿ ಯಾರು?" ಅಂತ ತೀರ್ಪುಗಾರರು ಕೇಳಿದರು. ಹುಡುಗ ತಲೆ ತಗ್ಗಿಸಿ ಬಂದ. ಅವನ ಮುಖ ಇವತ್ತಿಗೂ ನೆನಪಿದೆ. ಮೈಸೂರು ರಾಜ್ಯಕ್ಕೆ 1947ರಿಂದ ಕೆ.ಸಿ. ರೆಡ್ಡಿ, 1952ರಿಂದ ಕೆಂಗಲ್ ಹನುಮಂತಯ್ಯ, ಕೊನೆಗೆ ಎರಡು ತಿಂಗಳ ಮೇಲೆ ಸ್ವಲ್ಪ ದಿನ ಕಡಿದಾಳ್ ಮಂಜಪ್ಪ ಮುಖ್ಯಮಂತ್ರಿ ಆಗಿದ್ದರು. ಆಮೇಲೆ ಬಂದವರು ನಿಜಲಿಂಗಪ್ಪ. "ಏಕೀಕರಣವಾದ ರಾಜ್ಯದ ಮೊದಲ ಮುಖ್ಯಮಂತ್ರಿ" ಅನ್ನಬೇಕು. ಆಗಲೂ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ಕರ್ನಾಟಕ ಅಂತ ಹೆಸರಿಟ್ಟದ್ದು 1973ರ ನವೆಂಬರ್ 1ರಂದು.

ಇನ್ನೊಂದು ವಯಸ್ಸು. 1956ರಲ್ಲಿ 1902 ಕಳೆದು ಐವತ್ನಾಲ್ಕು ಅಂತ ಬರೆಯುತ್ತಾರೆ. ಹುಟ್ಟಿದ್ದು ಡಿಸೆಂಬರಿನಲ್ಲಿ, ಮುಖ್ಯಮಂತ್ರಿ ಆದದ್ದು ನವೆಂಬರಿನಲ್ಲಿ. ಐವತ್ಮೂರೇ ತುಂಬಿತ್ತು. ಇಂಥ ಲೆಕ್ಕ ಮಗುವಿನ ಕೈಯಲ್ಲೇ ಮಾಡಿಸಿ.

ಬಾಲ್ಯ, ಆರಂಭದ ದಿನಗಳು ಅಂತ ವಿಷಯ ಕೊಟ್ಟಿದ್ದರೆ ಭಾಷಣ 1956ಕ್ಕೆ ನಿಲ್ಲಿಸಬಹುದು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಇವರೇ ಪಕ್ಷದ ಅಧ್ಯಕ್ಷರಾಗಿದ್ದರು. ಆ ಕಥೆ ದೊಡ್ಡದು, ಅದನ್ನು ಕೊನೆಯ ಅರ್ಧ ನಿಮಿಷಕ್ಕೆ ತುರುಕಬೇಡಿ. ಸಮಯ ಉಳಿದರೆ 1962 ಹೇಳಿಸಿ. ಆ ಚುನಾವಣೆಯಲ್ಲಿ ಅವರು ಹೊಸದುರ್ಗದಲ್ಲಿ ಸೋತರು. ನಮ್ಮದೇ ಜಿಲ್ಲೆ, ಅವರು ಬೆಳೆದ ನೆಲ. ಎಸ್.ಆರ್. ಕಂಠಿಯವರು ಮೂರು ತಿಂಗಳ ಮಟ್ಟಿಗೆ ಮುಖ್ಯಮಂತ್ರಿ ಆದರು. ಬಾಗಲಕೋಟೆ ಕ್ಷೇತ್ರದಿಂದ ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆಯಾಗಿ ಜೂನ್ 21ಕ್ಕೆ ಮತ್ತೆ ಮುಖ್ಯಮಂತ್ರಿ ಆದರು. ಬಾಗಲಕೋಟೆ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ನೋಡಿ. ಮುಂಬೈ ಪ್ರಾಂತ್ಯದ ಬಣ್ಣ. ಈ ಜಾಗಕ್ಕೆ ಬಂದಾಗ ದಾರ ಹಿಡಿದ ಮಕ್ಕಳ ಬೆರಳು ತಾನಾಗಿ ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಐದು ನಿಮಿಷಕ್ಕೆ ನೋಟ್‌ಬುಕ್ಕಿನ ಎರಡೂವರೆ ಪುಟ ಸಾಕು. ಜೋರಾಗಿ ಓದಿಸಿ, ಗಡಿಯಾರ ನೋಡಿ. ಐದೂವರೆ ಆದರೆ ವಿಶೇಷಣಗಳನ್ನು ಕಿತ್ತು ಹಾಕಿ, ಊರು ಮತ್ತು ಇಸವಿ ಮಾತ್ರ ಮುಟ್ಟಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಎದುರಿಗೆ ಒಮ್ಮೆ ಹೇಳಿಸಿ. ಅಜ್ಜಿಗೆ ಅರ್ಥ ಆಗದ ಮಾತು ಭಾಷಣದಲ್ಲಿ ಬೇಡ.

ಸ್ಪರ್ಧೆ ಮುಗಿದ ಮೇಲೆ, ಬಹುಮಾನ ಬಂದರೂ ಸರಿ ಬರದಿದ್ದರೂ ಸರಿ, ಒಂದು ಭಾನುವಾರ ಸೀಬಾರಕ್ಕೆ ಹೋಗಿ ಬನ್ನಿ. ಚಿತ್ರದುರ್ಗದ ಹತ್ತಿರ, ಹೆದ್ದಾರಿ ಪಕ್ಕದಲ್ಲೇ ಅವರ ಸ್ಮಾರಕ ಇದೆ. ನಕ್ಷೆ ಮಡಿಚಿ ಜೊತೆಗೆ ಒಯ್ಯಿರಿ. ದಾರದ ಕೊನೆಯ ಗಂಟನ್ನು ಮಗು ಅಲ್ಲೇ ಹಾಕಲಿ.