ಓದಿಗೂ ಬಾಗಿಲು ಹಾಕುವ ಹೊತ್ತು

ಯೂನಿವರ್ಸಿಟಿಯಲ್ಲಿ ಓದುವವರನ್ನು ಪಾಠದ ಕಷ್ಟಕ್ಕಿಂತ ಜಾಸ್ತಿ ಹೈರಾಣು ಮಾಡುವುದು ಓದಿಗೆ ಮುಗಿಯುವ ಹೊತ್ತೇ ಇಲ್ಲದಿರುವುದು. ಅಂಗಡಿಗಾದರೂ ಬಾಗಿಲು ಹಾಕುವ ಸಮಯ ಅಂತ ಒಂದಿರುತ್ತದೆ. ವಿದ್ಯಾರ್ಥಿಗೆ ಅದೂ ಇಲ್ಲ. ಊಟಕ್ಕೆ ಕೂತಾಗಲೂ ಅಸೈನ್‌ಮೆಂಟ್ ನೆನಪು. ಗೆಳೆಯರ ಜೊತೆ ಹರಟುವಾಗಲೂ 'ಈಗ ಓದಬೇಕಿತ್ತು ಅಲ್ವಾ' ಅಂತ ಒಳಗೊಳಗೇ ಚುಚ್ಚು. ಓದಿದ ಹಾಗೂ ಆಗುವುದಿಲ್ಲ, ದಣಿವಾರಿಸಿಕೊಂಡ ಹಾಗೂ ಆಗುವುದಿಲ್ಲ.

ಅದಕ್ಕೇ ಎಂ.ಎಸ್ಸಿ. ಸೇರಿದಾಗ ಎಷ್ಟು ಹೊತ್ತಿಗೆ ಓದಲು ಕೂರಬೇಕು ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎಷ್ಟು ಹೊತ್ತಿಗೆ ಏಳಬೇಕು ಅಂತ ಮೊದಲು ಗೊತ್ತು ಮಾಡಿಕೊಂಡೆ. ರಾತ್ರಿ ಎಂಟೂವರೆ. ಆಮೇಲೆ ಪುಸ್ತಕ ಮುಟ್ಟುವಂತಿಲ್ಲ.

ಬರ್ನ್‌ಔಟ್ ಅಂದರೆ ಬರೀ ಸುಸ್ತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆ ಅಂತ ಕರೆದಿಲ್ಲ. ಕೆಲಸದ ಒತ್ತಡ ತೀರದೆ ಉಳಿದಾಗ ಬರುವ ಸ್ಥಿತಿ ಎಂದು ವಿವರಿಸಿ ಮೂರು ಲಕ್ಷಣ ಹೇಳಿದೆ. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ ಕೆಲಸ ಮೊದಲಿನಷ್ಟು ಸರಿ ಬರದಿರುವುದು. ಆ ವಿವರಣೆ ಉದ್ಯೋಗಕ್ಕೆ ಸಂಬಂಧಿಸಿದ್ದು, ನಿಜ. ಆದರೆ ಬರ್ನ್‌ಔಟ್ ಅಳೆಯಲು 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸುಸಾನ್ ಜಾಕ್ಸನ್ ಹೊರತಂದ ಪ್ರಶ್ನಾವಳಿಗೆ 2002ರಲ್ಲಿ ವಿದ್ಯಾರ್ಥಿಗಳಿಗೆಂದೇ ಒಂದು ರೂಪ ಬಂತು. ಓದುವುದೂ ಕೆಲಸವೇ ತಾನೆ.

ನಾನು ಕಣ್ಣಿಟ್ಟಿದ್ದು ಎರಡನೇ ಲಕ್ಷಣದ ಮೇಲೆ. ಸುಸ್ತಾದರೆ ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಹೋಗುತ್ತದೆ. ಆದರೆ ನನಗೆ ಇಷ್ಟದ ಸಬ್ಜೆಕ್ಟಿನ ಕ್ಲಾಸಿನಲ್ಲಿ ಕೂತು 'ಯಾರಿಗೆ ಬೇಕು ಇದೆಲ್ಲ' ಅನ್ನಿಸಲು ಶುರುವಾದರೆ ಆ ವಾರ ಏನೋ ಒಂದನ್ನು ಕಡಿಮೆ ಮಾಡುತ್ತಿದ್ದೆ. ಮುಂದಿನ ವಾರದವರೆಗೆ ಕಾಯುತ್ತಿರಲಿಲ್ಲ.

ಎಂಟೂವರೆಗೆ ಎದ್ದರೆ ಸಾಕಾಗಲ್ಲ, ತಲೆಯೂ ಏಳಬೇಕು. ಅದಕ್ಕೊಂದು ಕ್ರಮ ಮಾಡಿಕೊಂಡಿದ್ದೆ. ಎಂಟು ಇಪ್ಪತ್ತಕ್ಕೆ ಅಲಾರಂ. ಎಲ್ಲಿದ್ದರೂ ಅಲ್ಲೇ ನಿಲ್ಲಿಸಿ ಒಂದು ಚೀಟಿ ತೆಗೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಕೂತ ತಕ್ಷಣ ಏನು ಮಾಡಬೇಕು ಅಂತ ಅದರಲ್ಲಿ ಒಂದೇ ಸಾಲು. 'ಮೂರನೇ ಅಧ್ಯಾಯ ಮುಗಿಸು' ಅಂತ ಬರೆದರೆ ಉಪಯೋಗವಿಲ್ಲ, ಅದನ್ನು ನೋಡಿದರೇ ಕೂರಲು ಮನಸ್ಸು ಬರಲ್ಲ. 'ಪುಟ 84, ಕೆಳಗಿನ ಚಿತ್ರ: ಬಾಣ ಯಾಕೆ ಎಡಕ್ಕೆ ತಿರುಗಿದೆ?' ಈ ಥರ ಬರೆಯಬೇಕು. ಚೀಟಿಯನ್ನು ಆ ಪುಟದಲ್ಲೇ ಇಟ್ಟು ಪುಸ್ತಕ ಮುಚ್ಚಿ ಬ್ಯಾಗಿಗೆ. ಬ್ಯಾಗು ಮಂಚದಿಂದ ಕಣ್ಣಿಗೆ ಬೀಳದ ಮೂಲೆಗೆ. ಮೊದಮೊದಲು ಕೈ ತಾನೇ ಬ್ಯಾಗಿನ ಕಡೆ ಹೋಗುತ್ತಿತ್ತು. ಕ್ರಮೇಣ ಚೀಟಿ ಬರೆದ ಮೇಲೆ ತಲೆಯೊಳಗಿನ ಗಲಾಟೆ ತಾನಾಗೇ ಇಳಿಯತೊಡಗಿತು. ಮರೆತುಹೋಗುತ್ತೇನೆ ಅನ್ನುವ ಭಯವೇ ಅಷ್ಟು ಹೊತ್ತು ನನ್ನನ್ನು ಎಬ್ಬಿಸಿಡುತ್ತಿದ್ದದ್ದು.

ಹಾಗಾದರೆ ಓದು ಮುಗಿಯುತ್ತಿತ್ತಾ? ಮುಗಿಸಲು ಓದುವ ರೀತಿಯನ್ನೇ ಬದಲಿಸಬೇಕಾಯಿತು. ಬಣ್ಣದ ಪೆನ್ನಲ್ಲಿ ಗೆರೆ ಎಳೆದು ಎಳೆದು ಅದೇ ಪುಟ ಮತ್ತೆ ಮತ್ತೆ ಓದುವುದನ್ನು ಬಿಟ್ಟೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ಪಾಠವನ್ನು ಓದಿದ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದ್ದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ನೋಡದೆ ನೆನಪಿನಿಂದ ಬರೆದವರಿಗೆ ಜಾಸ್ತಿ ಉಳಿದಿತ್ತು. ನಾನೂ ಒಮ್ಮೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯುತ್ತಿದ್ದೆ. ಸತ್ಯ ಹೇಳಬೇಕೆಂದರೆ ಇದು ಒಂದು ಚೂರೂ ಹಿತವಾಗಿರಲ್ಲ. ಏನೂ ಬರಲ್ಲ ಅನ್ನಿಸಿಬಿಡುತ್ತದೆ. ಆದರೆ ಬಿಟ್ಟುಹೋದದ್ದನ್ನಷ್ಟೇ ತಿರುಗಿ ನೋಡಿದರೆ ಸಾಕು. ನನ್ನ ಸಂಜೆಗಳು ಸಿಕ್ಕಿದ್ದು ಹೀಗೆ ಉಳಿದ ಹೊತ್ತಿನಲ್ಲಿ.

ಇನ್ನೊಂದು, ಎಲ್ಲಕ್ಕೂ ಒಂದೇ ಸಮ ಜೀವ ತೇಯಲಿಲ್ಲ. ಐದು ಅಂಕದ ಅಸೈನ್‌ಮೆಂಟಿಗೂ ಪ್ರಾಜೆಕ್ಟಿನಷ್ಟೇ ಒದ್ದಾಡುವವರು ನನ್ನ ರೂಮಿನಲ್ಲೇ ಇದ್ದರು. ನಾನು ಶುರು ಮಾಡುವ ಮೊದಲೇ ಹಾಳೆಯ ಮೂಲೆಯಲ್ಲಿ ಎಷ್ಟಾದರೆ ಸಾಕು ಅಂತ ಬರೆದುಕೊಳ್ಳುತ್ತಿದ್ದೆ: ಮೂರು ಪುಟ, ಎರಡು ಉದಾಹರಣೆ, ಒಂದು ಚಿತ್ರ. ಅಷ್ಟಾದರೆ ಕೊಟ್ಟುಬಿಡುವುದು. ರೂಮ್‌ಮೇಟ್ ಇದನ್ನು ಸೋಮಾರಿತನ ಅಂತಿದ್ದ. ಅನ್ನಲಿ ಬಿಡಿ.

ನಿದ್ದೆಯ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಸತತ 17 ಗಂಟೆಗಿಂತ ಜಾಸ್ತಿ ಎದ್ದಿರುವವರ ಚುರುಕುತನ, ಕೆಲವು ಪರೀಕ್ಷೆಗಳಲ್ಲಿ ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು ಅಂತ ಓದಿದ ಮೇಲೆ ರಾತ್ರಿಯಿಡೀ ಓದಿ ಪರೀಕ್ಷೆಗೆ ಹೋಗುವ ಆಸೆ ಬಿಟ್ಟೆ. ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಹಾಗಾಗಿ ಮಧ್ಯಾಹ್ನದ ನಂತರ ಕಾಫಿ ಇಲ್ಲ. ಪರೀಕ್ಷೆಯ ದಿನಗಳಲ್ಲಿ ಎಂಟೂವರೆ ಹತ್ತಾಗುತ್ತಿತ್ತು. ಎಷ್ಟನೇ ತಾರೀಖಿನಿಂದ ಮತ್ತೆ ಎಂಟೂವರೆ ಅನ್ನುವುದನ್ನೂ ಮೊದಲೇ ಬರೆದಿಡುತ್ತಿದ್ದೆ.

ಕೆಲಸ ಸಮಯಕ್ಕೆ ಮುಗಿಯಲ್ಲ ಅಂತ ಗೊತ್ತಾದರೆ ಡೆಡ್‌ಲೈನಿಗೆ ಮೊದಲೇ ಕೇಳಬೇಕು. ಗೈಡ್‌ಗೆ ಬರೆಯುತ್ತಿದ್ದ ಮೇಲ್ ಹೀಗಿರುತ್ತಿತ್ತು: 'ಮೇಡಂ, ಲೆಕ್ಕಾಚಾರ ಮುಗಿದಿದೆ, ಕೋಷ್ಟಕ ಜೊತೆಗಿಟ್ಟಿದ್ದೇನೆ. ಚರ್ಚೆಯ ಭಾಗ ಬಾಕಿ ಇದೆ. ಬರುವ ಸೋಮವಾರ ಕೊಡಬಹುದಾ?' ಅಷ್ಟೇ. ಹೊಟ್ಟೆನೋವು, ನೆಟ್‌ವರ್ಕ್ ಇರಲಿಲ್ಲ ಅನ್ನುವ ಕಥೆ ಬೇಡ. ಆಗಿರುವ ಕೆಲಸ ಕಣ್ಣಿಗೆ ಕಂಡರೆ ಮೇಷ್ಟ್ರುಗಳು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಅಂದರೂ ಅಂದಿನಿಂದಲೇ ಬೇರೆ ದಾರಿ ನೋಡಬಹುದು.

ಇಷ್ಟೆಲ್ಲ ಮಾಡಿದರೂ ಎರಡನೇ ಸೆಮಿಸ್ಟರಿನಲ್ಲಿ ಆ 'ಯಾರಿಗೆ ಬೇಕು' ಅನ್ನುವ ಮಾತು ದಿನಾ ಬರತೊಡಗಿತು. ಕೌನ್ಸೆಲರ್ ಹತ್ತಿರ ಹೋದೆ. ಓದಷ್ಟೇ ಅಲ್ಲದೆ ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿದರೆ ಅದು ಖಿನ್ನತೆಯೂ ಇರಬಹುದು, ಅದನ್ನು ಟೈಮ್‌ಟೇಬಲಿನಲ್ಲಿ ಸರಿ ಮಾಡಲು ಆಗಲ್ಲ. ಅದು ಹೌದೋ ಅಲ್ಲವೋ ಅಂತ ಅವರು ಮೊದಲು ವಿಚಾರಿಸಿದರು. ನನ್ನದು ಅದಾಗಿರಲಿಲ್ಲ. ಆಮೇಲೆ ನನ್ನ ವಾರದ ಕೆಲಸಗಳನ್ನೆಲ್ಲ ಬರೆಸಿ, 'ಇದರಲ್ಲಿ ಯಾವುದನ್ನು ಬಿಡ್ತೀರಿ?' ಅಂದರು. ಯಾವುದನ್ನೂ ಬಿಡಲು ಆಗಲ್ಲ ಅಂದೆ. ಅವರು ಸುಮ್ನೆ ಪೆನ್ನು ನನ್ನ ಕೈಗೆ ಕೊಟ್ಟು ಕಾದರು. ಕೊನೆಗೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಕೆಲಸಕ್ಕೆ ಗೆರೆ ಎಳೆದೆ. ನಾನಿಲ್ಲದಿದ್ದರೆ ವಾರ್ಷಿಕೋತ್ಸವವೇ ನಡೆಯಲ್ಲ ಅಂತ ಬೇರೆ ಅಂದುಕೊಂಡಿದ್ದೆ. ರಾಜೀನಾಮೆ ಕೊಟ್ಟ ವಾರವೇ ಬೇರೊಬ್ಬಳು ಸಿಕ್ಕಳು, ನನಗಿಂತ ಚೆನ್ನಾಗಿ ನಡೆಸಿದಳು.