ಎದೆಯ ಮೇಲಿನ ರಿಬ್ಬನ್, ಟ್ರಂಕಿನೊಳಗಿನ ವಹಿ

1994ರಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರಿನಲ್ಲಿ ಭರ್ತಿಯಾದೆ. ಊರು ಹಾವೇರಿ ಹತ್ತಿರದ ಹಳ್ಳಿ. 24 ವರ್ಷ ಸೇವೆ ಮುಗಿಸಿ ಹವಾಲ್ದಾರನಾಗಿ ಪೆನ್ಶನ್ ಬಂದೆ, ಈಗ ಹುಬ್ಬಳ್ಳಿಯಲ್ಲಿ ಮನೆ. ಮಿಲ್ಟ್ರಿಗೆ ಹೋಗುವ ಹುಡುಗರು ಬಂದು ಓಟದ ಬಗ್ಗೆ, ಎದೆ ಅಳತೆ ಬಗ್ಗೆ ಕೇಳುತ್ತಾರೆ. ಕಾಗದದ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟ್ರೇನಿಂಗಿನಲ್ಲಿ ಮೊದಲು ಕಲಿಸಿದ್ದು ಟರ್ನ್ ಔಟ್, ಅಂದರೆ ಯೂನಿಫಾರ್ಮನ್ನು ಅಚ್ಚುಕಟ್ಟಾಗಿ ತೊಡುವುದು. ಗಂಜಿ ಹಾಕಿದ ಬಟ್ಟೆ ಪೂರ್ತಿ ಒಣಗಬಾರದು, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಬೇಕು. ಆಗ ಗೆರೆ ಸಂಜೆತನಕ ನಿಲ್ಲುತ್ತದೆ. ಬೂಟಿಗೆ ಪಾಲಿಶ್ ಹಚ್ಚಿ, ಹತ್ತಿಯ ತುದಿಗೆ ಒಂದೇ ಹನಿ ನೀರು ತಾಗಿಸಿ, ಸಣ್ಣ ಸಣ್ಣ ಸುತ್ತು ಹಾಕುತ್ತ ತಿಕ್ಕಬೇಕು. ಹಿತ್ತಾಳೆಗೆ ಹಚ್ಚುವ ಬ್ರಾಸೋ ಪಾಲಿಶ್ ಹಾಕಿದರೆ ಬಕಲಿನ ಮೂಲೆಯಲ್ಲಿ ಬಿಳಿ ಪುಡಿ ಉಳಿಯುತ್ತದೆ. ಹೊಳಪು ಬಂತು ಅಂತ ಬಿಟ್ಟುಬಿಟ್ಟರೆ ನಮಗೆ ಕಲಿಸುವ ಉಸ್ತಾದ್ ನೋಡುವುದೇ ಆ ಮೂಲೆಯನ್ನು. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ತೆಗೆಯುತ್ತಿದ್ದೆವು. ನೇಮ್ ಪ್ಲೇಟು ಬಲ ಜೇಬಿನ ಮೇಲೆ, ರಿಬ್ಬನ್ನು ಎಡ ಜೇಬಿನ ಮೇಲೆ. ದೊಡ್ಡ ಪದಕದ ರಿಬ್ಬನ್ನು ಎದೆಯ ನಡುವಿನ ಕಡೆಗೆ ಬರಬೇಕು. ಇದೆಲ್ಲ ಆರು ತಿಂಗಳಲ್ಲಿ ಕೈಗೆ ಕೂತಿತು.

ಕಾಗದದ ಪಾಠ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. 9 ವರ್ಷ ಸೇವೆ ತುಂಬಿದವರಿಗೆ ಒಂದು ಪದಕವಿದೆ. 2003ರಲ್ಲಿ ನನಗೆ 9 ವರ್ಷ ತುಂಬಿತು. ಇನ್‌ಸ್ಪೆಕ್ಷನ್ ಹತ್ತಿರ ಬಂದಿತ್ತು, ಖುಷಿಯಲ್ಲಿ ಕ್ಯಾಂಟೀನಿನಿಂದ ರಿಬ್ಬನ್ ತಂದು ಹಾಕಿಕೊಂಡೆ. ಸೂಬೇದಾರ್ ಸಾಹೇಬರು ಸಾಲಿನಲ್ಲಿ ನನ್ನ ಮುಂದೆ ನಿಂತರು. ಆ ರಿಬ್ಬನ್ನಿನ ಮೇಲೆ ಬೆರಳಿಟ್ಟು, "ಇದರ ಆರ್ಡರ್ ನಂಬರ್ ಎಷ್ಟು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿಗೆ ಹೋಗಿ ನೋಡಿದರೆ ನನ್ನ ಹೆಸರಿನ ಎಂಟ್ರಿಯೇ ಇನ್ನೂ ಆಗಿರಲಿಲ್ಲ. ಅಲ್ಲೇ ರಿಬ್ಬನ್ ಬಿಚ್ಚಿದೆ. ಸಾಹೇಬರು ಬೈಯಲಿಲ್ಲ. "ಮೈಮೇಲೆ ಏನಿದೆಯೋ ಅದು ಮೊದಲು ಕಾಗದದಲ್ಲಿರಬೇಕಪ್ಪ" ಅಂದರು ಅಷ್ಟೇ.

ಅವತ್ತೇ ಸಂಜೆ 200 ಪುಟದ ಒಂದು ವಹಿ ತಂದೆ. ತಾರೀಖು, ವಿಷಯ, ಪಾರ್ಟ್ ಟು ಆರ್ಡರಿನ (ಸೈನಿಕನ ವಿಷಯ ದಾಖಲಿಸಲು ಪಲ್ಟನ್ ಆಫೀಸು ಹೊರಡಿಸುವ ಆದೇಶ) ನಂಬರು, ಇಷ್ಟೇ ಮೂರು ಮನೆ ಹಾಕಿದೆ. ಸೈನಿಕನ ಬದುಕಿನಲ್ಲಿ ಏನೇ ಆದರೂ, ಅಂದರೆ ಮದುವೆ, ಮಗು, ಕೋರ್ಸು, ಪ್ರಮೋಷನ್ನು, ಅದು ಪಾರ್ಟ್ ಟು ಆರ್ಡರಿನಲ್ಲಿ ಬಂದರೇ ರೆಕಾರ್ಡ್ ಆಫೀಸಿಗೆ ಮುಟ್ಟುತ್ತದೆ. ಆಮೇಲೆ ಪ್ರತಿ ಸಲ ರಜೆಗೆ ಹೊರಡುವ ಮುಂಚೆ ಕ್ಲರ್ಕ್ ಹತ್ತಿರ ಕೂತು ನನ್ನ ವಹಿಯನ್ನೂ ಅವರ ದಾಖಲೆಯನ್ನೂ ತಾಳೆ ನೋಡುತ್ತಿದ್ದೆ. ಬರೆದುಕೊಂಡದ್ದು ನನ್ನ ಸ್ವಂತದ ವಿಷಯ ಮಾತ್ರ. ಡ್ಯೂಟಿಯ ವಿಷಯ, ಪಲ್ಟನ್ ಎಲ್ಲಿದೆ ಎಂಬುದು, ಅದ್ಯಾವುದೂ ವಹಿಯಲ್ಲಿ ಇರಬಾರದು. ಐಡಿ ಕಾರ್ಡಿನ ಫೋಟೊ ಮೊಬೈಲಿನಲ್ಲಂತೂ ಬೇಡವೇ ಬೇಡ.

ನಮ್ಮ ಕಡೆಯವರಿಗೆ ಕಾಗದದ ತೊಡಕು ಸ್ವಲ್ಪ ಜಾಸ್ತಿ. ನಾನು ಭರ್ತಿಯಾದಾಗ ಹಾವೇರಿ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ. 1997ರಲ್ಲಿ ಹಾವೇರಿ, ಗದಗ ಬೇರೆ ಜಿಲ್ಲೆಗಳಾದವು. ನನ್ನ ಹಳೇ ಕಾಗದದಲ್ಲೆಲ್ಲ ಧಾರವಾಡ ಜಿಲ್ಲೆ ಅಂತಲೇ ಇತ್ತು, ಆಧಾರ್ ಕಾರ್ಡಿನಲ್ಲಿ ಹಾವೇರಿ. ಹುಟ್ಟಿದ ದಿನದ್ದು ಇನ್ನೊಂದು ಕಥೆ. ಮಾಸ್ತರರು ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆದರು, ಅದೇ ಕೊನೆತನಕ ನಡೆಯಿತು. ಅದು ಎಲ್ಲ ಕಡೆ ಒಂದೇ ಇದ್ದದ್ದರಿಂದ ತೊಂದರೆ ಆಗಲಿಲ್ಲ.

ತೊಂದರೆ ಆದದ್ದು ಹೆಂಡತಿಯ ಹೆಸರಿನಿಂದ. ನಮ್ಮಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸುತ್ತಾರಲ್ವಾ? ತವರಿನಲ್ಲಿ ಅವಳು ನೀಲವ್ವ, ನಮ್ಮ ಮನೆಯಲ್ಲಿ ಸುಜಾತಾ. 2001ರ ಮದುವೆಯ ಎಂಟ್ರಿಯಲ್ಲಿ ನಾನು ಸುಜಾತಾ ಅಂತ ಕೊಟ್ಟೆ. ಅವಳ ಶಾಲೆಯ ಸರ್ಟಿಫಿಕೇಟು, ಆಮೇಲೆ ಮಾಡಿಸಿದ ಆಧಾರ್ ಎರಡರಲ್ಲೂ ನೀಲವ್ವ. ವಹಿ ಶುರುಮಾಡಿದ ಮೇಲೆ ಹಳೆಯದನ್ನೂ ಅದರಲ್ಲಿ ಏರಿಸಿದ್ದೆ. ಆಧಾರ್ ಬಂದ ದಿನ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ನಾಳೆ ನನಗೇನಾದರೂ ಆದರೆ ಫ್ಯಾಮಿಲಿ ಪೆನ್ಶನ್ ಕೇಳಲು ಹೋಗುವವಳು ಯಾರು, ನೀಲವ್ವನೋ ಸುಜಾತಾನೋ? ಅಫಿಡವಿಟ್ ಮಾಡಿಸಿ, ಇಬ್ಬರೂ ಒಬ್ಬಳೇ ಅಂತ ತೋರಿಸಿ, ಸೇವೆಯಲ್ಲಿ ಇರುವಾಗಲೇ ತಿದ್ದಿಸಿದೆ. ಮುಂದೆ ನಮ್ಮ ಪೆನ್ಶನ್ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋದಾಗ ಅವಳ ಹೆಸರು ಸರಿಯಾಗಿಯೇ ಬಂತು. ನನ್ನ ಜೊತೆಯವನೊಬ್ಬ ಇದನ್ನು ನಾಳೆ ನಾಳೆ ಅಂತ ತಳ್ಳಿಕೊಂಡೇ ಬಂದ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ, ಆ ತಂಗಿ, ಕೈಚೀಲ ಹಿಡಿದುಕೊಂಡು ಕಚೇರಿ ಕಚೇರಿ ಅಲೆದಳು. ಎರಡು ಸಲ ನಾನೇ ಜೊತೆಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಕೂತು, "ಅಣ್ಣಾ, ನನ್ನ ಹೆಸರು ನಂದಲ್ಲ ಅಂತಾರ" ಅಂದಳು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಕುತ್ತದೆ.

ಹೋದ ತಿಂಗಳು ತಮ್ಮನ ಮಗ ಅಗ್ನಿವೀರನಾಗಿ ಹೊರಟ. ಅವನ ಸೇವೆ 4 ವರ್ಷ, ಅದರಲ್ಲಿ ಒಂದು ಎಂಟ್ರಿ ತಪ್ಪಿದರೆ ತಿದ್ದಿಸಲು ಟೈಮೂ ಕಡಿಮೆ. ಎಲ್ಲರೂ ಅವನ ಚೀಲಕ್ಕೆ ಚುರುಮುರಿ, ಶೇಂಗಾ ಉಂಡಿ ತುಂಬುತ್ತಿದ್ದರು. ನಾನು ಹೊಸ ವಹಿ, ಒಂದು ಪೆನ್ನು ಕೊಟ್ಟೆ. "ದೊಡ್ಡಪ್ಪ, ಏನ್ ಬರೀಲಿ?" ಅಂದ. ಮೊದಲು ನಿನ್ನ ಹೆಸರು ಬರಿ ಅಂದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಪಕ್ಕದಲ್ಲಿ ಹಾಸಿಕೊಂಡು, ಒಂದೊಂದೇ ಅಕ್ಷರ ನೋಡಿ ನೋಡಿ ಬರೆದ.