ನವೀಕರಣದ ಪತ್ರ ಕೈಸೇರದೆ ಮೆಡಿಕೇಡ್ ನಿಂತುಹೋದರೆ

ಅಮೆರಿಕದಲ್ಲಿ ಮಕ್ಕಳೊಂದಿಗೆ ನೆಲೆಸಿ, ಗ್ರೀನ್ ಕಾರ್ಡ್ ದೊರೆತು ಐದು ವರ್ಷ ಕಳೆದ ಮೇಲೆ ಮೆಡಿಕೇಡ್‌ಗೆ (ಕಡಿಮೆ ಆದಾಯದವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆ) ಸೇರಿದ ಹಿರಿಯರು ಅಲ್ಲಿನ ಕನ್ನಡ ಕುಟುಂಬಗಳಲ್ಲಿದ್ದಾರೆ. ಅವರ ಅರ್ಹತೆಯನ್ನು ಕಾಲಕಾಲಕ್ಕೆ ಪರಿಶೀಲಿಸಲು ಬರುವ ನಮೂನೆ ಅಂಚೆಯಲ್ಲಿ ಕಳೆದುಹೋದರೆ, ಆದಾಯ ಒಂದು ಡಾಲರೂ ಹೆಚ್ಚದಿದ್ದರೂ ಸೌಲಭ್ಯ ನಿಂತುಹೋಗಬಹುದು. ಯಾರನ್ನೂ ಪಟ್ಟಿಯಿಂದ ಕೈಬಿಡದಂತೆ ತಡೆದಿದ್ದ ಕೋವಿಡ್ ಕಾಲದ ರಕ್ಷಣೆ ಮುಗಿದು 2023ರ ಏಪ್ರಿಲ್‌ನಿಂದ ಪರಿಶೀಲನೆ ಮತ್ತೆ ಆರಂಭವಾದಾಗ 2.5 ಕೋಟಿಗೂ ಹೆಚ್ಚು ಜನ ಪಟ್ಟಿಯಿಂದ ಹೊರಬಿದ್ದರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರನ್ನು ಕೈಬಿಟ್ಟದ್ದು ಅನರ್ಹರೆಂದು ತೀರ್ಮಾನವಾಗಿ ಅಲ್ಲ, ಕಾಗದಪತ್ರದ ಕೆಲಸ ಪೂರ್ಣಗೊಳ್ಳಲಿಲ್ಲವೆಂಬ ಕಾರಣಕ್ಕೆ. ಆದ್ದರಿಂದ ಸೌಲಭ್ಯ ನಿಂತಿತೆಂದರೆ ಅರ್ಹತೆಯೇ ಹೋಯಿತೆಂದು ಭಾವಿಸಬೇಕಾಗಿಲ್ಲ.

ಗಾಬರಿಯಲ್ಲಿ ಹೊಸ ಅರ್ಜಿ ತುಂಬುವ ಮೊದಲು, ಹಳೆಯ ಕೇಸನ್ನೇ (ಕಚೇರಿಯಲ್ಲಿರುವ ಫಲಾನುಭವಿಯ ಕಡತ) ಮತ್ತೆ ತೆರೆಸಲು ಸಾಧ್ಯವೇ ಎಂದು ವಿಚಾರಿಸಿ. ಹೊಸ ಅರ್ಜಿಯ ತೀರ್ಮಾನಕ್ಕೆ 45 ದಿನಗಳವರೆಗೆ, ಅಂಗವೈಕಲ್ಯದ ಆಧಾರದ ಅರ್ಜಿಯಾದರೆ 90 ದಿನಗಳವರೆಗೆ ಕಾಲಾವಕಾಶವಿರುತ್ತದೆ. ಮಧುಮೇಹದ ಔಷಧಿಗೋ ಡಯಾಲಿಸಿಸ್‌ಗೋ ಅಷ್ಟು ದಿನ ಕಾಯಲಾಗದು.

ರಾಜ್ಯದ ಮೆಡಿಕೇಡ್ ಕಚೇರಿಗೆ ಅಥವಾ ಕೌಂಟಿ ಕಚೇರಿಗೆ ಕರೆ ಮಾಡಿ, ಕೇಸು ಮುಚ್ಚಿದ ದಿನಾಂಕ, ಅದಕ್ಕೆ ದಾಖಲಿಸಿದ ಕಾರಣ, ನೋಟಿಸು ಕಳುಹಿಸಿದ ವಿಳಾಸ ಮತ್ತು ಆ ಪತ್ರ ಕಚೇರಿಗೆ ಹಿಂದಿರುಗಿದೆಯೇ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ತಂದೆತಾಯಿಯ ಪರವಾಗಿ ಮಕ್ಕಳು ಮಾತನಾಡುವುದಾದರೆ, ಹಿರಿಯರೇ ಮೊದಲು ಒಪ್ಪಿಗೆ ಹೇಳಬೇಕಾಗುತ್ತದೆ. ಇಂಗ್ಲಿಷ್ ಬಾರದವರು ಕನ್ನಡ ದುಭಾಷಿ ಬೇಕೆಂದು ಕೇಳಬಹುದು, ಅದಕ್ಕೆ ಶುಲ್ಕವಿಲ್ಲ.

ಪತ್ರ ವಾಪಸಾಗಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಅಂಚೆ ತಲುಪಿಸಲಾಗದೆ ಮರಳಿತು, ಫಲಾನುಭವಿ ಎಲ್ಲಿದ್ದಾರೆಂದು ತಿಳಿಯದು ಎಂಬ ಕಾರಣಕ್ಕೆ ಸೌಲಭ್ಯ ನಿಲ್ಲಿಸಿದ್ದರೆ, ಅವರು ಅರ್ಹರಾಗಿರುವ ಅವಧಿಯೊಳಗೆ ಅವರು ಎಲ್ಲಿದ್ದಾರೆಂಬುದು ತಿಳಿದುಬಂದಾಗ ಸೌಲಭ್ಯವನ್ನು ಮರಳಿ ಆರಂಭಿಸಲೇಬೇಕೆಂದು ಕೇಂದ್ರದ ನಿಯಮ 42 ಸಿಎಫ್‌ಆರ್ 431.231 (ಸಿಎಫ್‌ಆರ್ ಎಂದರೆ ಅಮೆರಿಕದ ಕೇಂದ್ರ ನಿಯಮಗಳ ಸಂಹಿತೆ) ಹೇಳುತ್ತದೆ. ಫೋನಿನಲ್ಲಿ ಮಾತನಾಡುವ ಸಿಬ್ಬಂದಿಗೆ ಇದು ನೆನಪಿಲ್ಲದಿರಬಹುದು. ಹೀಗಾಗಿ ನಿಯಮದ ಸಂಖ್ಯೆ, ಕೇಸ್ ನಂಬರ್ ಮತ್ತು ಸರಿಯಾದ ವಿಳಾಸವನ್ನು ನಮೂದಿಸಿ ಲಿಖಿತವಾಗಿಯೇ ಕೋರಿಕೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.

ಪತ್ರ ಹಿಂದಿರುಗದೆ ನಡುವೆಯೇ ಕಾಣೆಯಾಗಿದ್ದರೆ ಇನ್ನೊಂದು ದಾರಿಯಿದೆ. ಆದಾಯದ ಆಧಾರದ ಮೇಲೆ ಸೌಲಭ್ಯ ಪಡೆಯುವ ಮಕ್ಕಳು, ಗರ್ಭಿಣಿಯರು ಮತ್ತು 65 ವರ್ಷದೊಳಗಿನ ವಯಸ್ಕರು, ಕೇಸು ಮುಚ್ಚಿದ 90 ದಿನಗಳೊಳಗೆ ನವೀಕರಣದ ನಮೂನೆ ಮತ್ತು ಕೇಳಿದ ದಾಖಲೆಗಳನ್ನು ಕೊಟ್ಟರೆ, ಕಚೇರಿಯು ಹೊಸ ಅರ್ಜಿ ಕೇಳದೆ ಅವರ ಅರ್ಹತೆಯನ್ನು ಮರುಪರಿಶೀಲಿಸಬೇಕು. ಹಿರಿಯರ ಮತ್ತು ಅಂಗವಿಕಲರ ವಿಭಾಗಕ್ಕೆ ಈ ಅವಕಾಶ ಎಲ್ಲ ರಾಜ್ಯಗಳಲ್ಲಿ ಒಂದೇ ರೀತಿ ಇಲ್ಲ. ನಿಮ್ಮ ರಾಜ್ಯದಲ್ಲಿ ಇದೆಯೇ ಎಂದು ಅದೇ ಕರೆಯಲ್ಲಿ ಕೇಳಿ.

ಇದರ ಜೊತೆಗೆ ಫೇರ್ ಹಿಯರಿಂಗ್‌ಗೂ (ಕಚೇರಿಯ ತೀರ್ಮಾನವನ್ನು ಪ್ರಶ್ನಿಸುವ ವಿಚಾರಣೆ) ಮನವಿ ಸಲ್ಲಿಸುವುದು ಒಳ್ಳೆಯದು. ನೋಟಿಸು ಅಂಚೆಗೆ ಹಾಕಿದ ದಿನದಿಂದ 90 ದಿನಗಳಿಗಿಂತ ಹೆಚ್ಚಿನ ಗಡುವನ್ನು ನಿಯಮ ಕೊಡುವುದಿಲ್ಲ, ಕೆಲವು ರಾಜ್ಯಗಳಲ್ಲಿ ಇನ್ನೂ ಕಡಿಮೆ. ಸೌಲಭ್ಯ ನಿಲ್ಲುವ ದಿನಾಂಕಕ್ಕೆ ಮೊದಲೇ ಮನವಿ ಸಲ್ಲಿಸಿದರೆ ತೀರ್ಪು ಬರುವವರೆಗೆ ಸೌಲಭ್ಯ ಮುಂದುವರಿಯುತ್ತದೆ. ಆದರೆ ತೀರ್ಪು ವಿರುದ್ಧವಾದರೆ ಆ ವೆಚ್ಚವನ್ನು ರಾಜ್ಯ ವಸೂಲು ಮಾಡಬಹುದೆಂಬುದೂ ತಿಳಿದಿರಲಿ.

ಯಾವ ದಾರಿಯೂ ಉಳಿಯದಿದ್ದರೆ ಹೊಸ ಅರ್ಜಿ ಹಾಕಿ. ನಡುವಿನ ತಿಂಗಳುಗಳ ಆಸ್ಪತ್ರೆ ಬಿಲ್ಲುಗಳಿದ್ದರೆ ಪೂರ್ವಾನ್ವಯ ರಕ್ಷಣೆ (ಅರ್ಜಿಗೆ ಮುಂಚಿನ ತಿಂಗಳುಗಳ ವೆಚ್ಚಕ್ಕೂ ಸೌಲಭ್ಯ) ಬೇಕೆಂದು ಅರ್ಜಿಯಲ್ಲೇ ಕೋರಬೇಕು. ಬಹಳ ಕಾಲದಿಂದ ಮೂರು ತಿಂಗಳಿದ್ದ ಈ ಅವಧಿ 2027ರ ಜನವರಿಯಿಂದ ಕಡಿಮೆಯಾಗುವಂತೆ ಕಾನೂನಾಗಿರುವುದರಿಂದ ತಡಮಾಡಬೇಡಿ.

ಮುಂದಿನ ಪತ್ರ ತಪ್ಪದಿರಲು ಅಂಚೆಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿ. ಪೆಟ್ಟಿಗೆಯ ಮೇಲೆ ಮಗನ ಕೊನೆಯ ಹೆಸರಷ್ಟೇ ಇದ್ದು, ಪತ್ರದ ಮೇಲೆ ತಾಯಿಯ ಪಾಸ್‌ಪೋರ್ಟಿನಲ್ಲಿರುವಂತೆ ಊರಿನ ಹೆಸರೋ ಅವರ ತಂದೆಯ ಹೆಸರೋ ಕೊನೆಯಲ್ಲಿದ್ದರೆ, ಇಂಥವರು ಇಲ್ಲಿಲ್ಲವೆಂದು ಅಂಚೆಯವರು ಅದನ್ನು ಮರಳಿಸುವ ಸಾಧ್ಯತೆಯಿದೆ. ಮನೆಯಲ್ಲಿರುವ ಎಲ್ಲರ ಹೆಸರನ್ನೂ ಪತ್ರದಲ್ಲಿ ಬರುವಂತೆಯೇ ಬರೆದು ಅಂಟಿಸಿ. ಮನೆ ಬದಲಿಸಿದಾಗ ಅಂಚೆ ಇಲಾಖೆಗಷ್ಟೇ ತಿಳಿಸಿದರೆ ಸಾಲದು, ಮೆಡಿಕೇಡ್ ಕಚೇರಿಗೂ ನೇರವಾಗಿ ತಿಳಿಸಬೇಕು. ಅಂಚೆ ಇಲಾಖೆಯ ಉಚಿತ ಇನ್‌ಫಾರ್ಮ್ಡ್ ಡೆಲಿವರಿ ಸೇವೆಗೆ ಹಿರಿಯರ ಹೆಸರಿನಲ್ಲೂ ನೋಂದಾಯಿಸಿಕೊಂಡರೆ, ಬರಲಿರುವ ಲಕೋಟೆಗಳ ಚಿತ್ರ ಇಮೇಲ್‌ಗೆ ಬರುತ್ತದೆ. ಚಿತ್ರ ಬಂದೂ ಲಕೋಟೆ ಬರದಿದ್ದರೆ ಆ ಇಮೇಲನ್ನು ಅಳಿಸದೆ ಇಟ್ಟುಕೊಳ್ಳಿ, ಹಿಯರಿಂಗ್‌ನಲ್ಲಿ ಅದನ್ನು ಪುರಾವೆಯಾಗಿ ತೋರಿಸಬಹುದು.